ಬುಡದ ಮೆಟ್ಟಿಲಿಗೆ ಚಿಕಿತ್ಸೆ

ಟೀಚರಮ್ಮನಿಗೆ ಈ ಲೋಕದ ಮೇಲೆ ಇದ್ದದ್ದು ಒಂದೇ ದೂರು: ಲೋಕಕ್ಕೆ ಹಲ್ಲುಗಳಿವೆ.

ಹಲ್ಲುಗಳೇ ಇಲ್ಲದಿದ್ದರೆ ನಿನ್ನ ಮನೆ ನಡೆಯುವುದು ಹೇಗೆ ತಾಯಿ ಎಂದು ಯಾರಾದರೂ ಕೇಳಿದ್ದರೆ ಆಕೆಯ ಬಳಿ ಉತ್ತರವಿರುತ್ತಿರಲಿಲ್ಲ. ಏಕೆಂದರೆ ಆಕೆಯ ಗಂಡ ಹಲ್ಲಿನ ಡಾಕ್ಟರು. ಇಪ್ಪತ್ತಾರು ವರ್ಷಗಳಿಂದ ಊರಿನವರ ಬಾಯೊಳಗೆ ಇಣುಕುತ್ತಲೇ ಬಂದಿದ್ದ ಈ ಮನುಷ್ಯ ಹೆಂಡತಿಯ ಬಾಯಿಂದ ಹೊರಬಿದ್ದ ಒಂದು ವಾಕ್ಯವನ್ನಾದರೂ ಪೂರ್ತಿ ಕೇಳಿದ್ದರೆ, ಅದು ಆಕೆಗೇ ಹಲ್ಲುನೋವು ಬಂದಿದ್ದ ದಿನ ಮಾತ್ರ.

ಕೆಲಸದ ದಿನಗಳ ಪಾಡು ಬಿಡಿ. ರಜೆಯಾದರೂ? ಮೂರು ವರ್ಷದ ಹಿಂದೆ ಸಮುದ್ರಕ್ಕೆ ಹೋಗಿದ್ದರು. ಸೊಂಟಮಟ್ಟದ ನೀರಲ್ಲಿ ನಿಂತಿದ್ದಾಗ ಪಕ್ಕದ ಸ್ನಾನಾರ್ಥಿ, “ನೀವೇನು ಕೆಲಸ ಮಾಡ್ತೀರಿ ಸಾರ್?” ಎಂದ. ಡಾಕ್ಟರು ಹೇಳಿದರು. ಮುಂದಿನ ಅಲೆ ಬರುವುದರೊಳಗೆ ಆತ ಬಾಯಿ ತೆರೆದಿದ್ದ. ಅಲೆ ಬಂದು ನೇರ ಒಳಗೇ ಹೋಯಿತು. ಅದರ ಮರುವರ್ಷ ರೈಲಿನಲ್ಲಿ ಮೇಲಿನ ಬರ್ತಿನವರೊಬ್ಬರು ತಲೆಕೆಳಗಾಗಿ ಬಾಯಿ ತೋರಿಸಿದರು. (ಮೇಲಿನ ಹಲ್ಲು ಕೆಳಗೆ, ಕೆಳಗಿನದು ಮೇಲೆ. ಡಾಕ್ಟರಿಗೆ ಇದು ಬಹಳ ರುಚಿಸಿತು. ಎರಡು ನಿಲ್ದಾಣ ಕಳೆದರೂ ಬಿಡಲಿಲ್ಲ.) ಹೋದ ವರ್ಷದ ಹೋಟೆಲಿನಲ್ಲಿ ಅಡುಗೆಯವನೇ ಸೌಟು ಹಿಡಿದು ಕೋಣೆಗೆ ಬಂದು ಕುಳಿತ. ಆ ರಾತ್ರಿ ಇಡೀ ಹೋಟೆಲಿಗೆ ಊಟ ತಡವಾಯಿತು. ಎಲ್ಲರೂ ಟೀಚರಮ್ಮನನ್ನೇ ದುರುಗುಟ್ಟಿ ನೋಡಿದರು.

ಈ ವರ್ಷ ಮಾತ್ರ ಹಾಗಾಗಕೂಡದಿತ್ತು. ಊರಾಚೆಯ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬರುತ್ತೀರಾ ಎಂದು ಟೀಚರಮ್ಮನಿಗೆ ಪತ್ರ ಬಂದಿತ್ತು. ಹೋಗುತ್ತಾ ಒಂದು ಗಂಟೆ ಬಸ್ಸು, ಬರುತ್ತಾ ಒಂದು ಗಂಟೆ. ಲೆಕ್ಕದ ಪಾಠ ಬಿಟ್ಟು ಹದಿನೆಂಟು ಮೇಷ್ಟರುಗಳನ್ನು ಆಳಬೇಕು. ರಜೆ ಮುಗಿದು ಶಾಲೆ ತೆರೆಯುವ ದಿನವೇ ಉತ್ತರ ಕೊಡಬೇಕು. ಒಪ್ಪುವುದೋ ಬಿಡುವುದೋ? ಗಂಡನ ಜೊತೆ ಕೂತು ಮಾತಾಡಬೇಕೆಂದು ಒಂದು ತಿಂಗಳಿಂದ ಪ್ರಯತ್ನಪಟ್ಟಿದ್ದಳು.

“ರೀ, ಆ ಹೆಡ್‌ಮಿಸ್ಟ್ರೆಸ್ ವಿಷಯ...”

“ಹ್ಞೂಂ.”

“ಒಪ್ಕೊಳ್ಳಲಾ, ಬೇಡ್ವಾ?”

“ಹ್ಞೂಂ. ಎರಡು ದಿನ ಗಟ್ಟಿ ಪದಾರ್ಥ ತಿನ್ನಬೇಡ. ಆಮೇಲೆ ನೋಡೋಣ.”

ಆಗಲೇ ಟೀಚರಮ್ಮನ ಕಣ್ಣಿಗೆ ಪತ್ರಿಕೆಯ ಮೂಲೆಯಲ್ಲಿದ್ದ ಒಂದು ಪ್ರಕಟಣೆ ಬಿತ್ತು. ಕಾಡಿನ ಕಾಲುದಾರಿಗಳನ್ನು ದುರಸ್ತಿ ಮಾಡಲು ಸ್ವಯಂಸೇವಕರು ಬೇಕಾಗಿದ್ದಾರೆ, ಐದು ದಿನ, ದಿನಕ್ಕೆ ಆರು ಗಂಟೆ ಕೆಲಸ, ಉಳಿದ ಹೊತ್ತು ಕಾಡಿನ ತುದಿಯಲ್ಲಿರುವ ಕೆರೆಯವರೆಗೆ ನಡೆದು ಬರಬಹುದು. ಆಕೆಯ ತಲೆಯಲ್ಲಿ ದೀಪ ಹತ್ತಿತು. ಗುದ್ದಲಿ ಹಿಡಿದವರು ಏದುಸಿರು ಬಿಡುತ್ತಾರೆಯೇ ಹೊರತು ಬಾಯಿ ತೋರಿಸುತ್ತಾ ಕೂರುವುದಿಲ್ಲ. ಸಂಜೆ ಕೆರೆಯ ದಾರಿಯಲ್ಲಿ ಗಂಡ, ಹೆಂಡತಿ, ಮುಖ್ಯೋಪಾಧ್ಯಾಯಿನಿ ಹುದ್ದೆ: ಮೂವರೇ. ಒಂದೇ ಒಂದು ಎಚ್ಚರಿಕೆ ಬೇಕು. ಗಂಡನ ಕಸುಬು ಯಾರಿಗೂ ತಿಳಿಯಬಾರದು.

“ಉದ್ಯೋಗ ಅಂತಿರೋ ಕಡೆ ಏನು ಬರೀತಿದ್ದೀಯೇ?” ಎಂದರು ಡಾಕ್ಟರು, ಅರ್ಜಿಯ ಮೇಲೆ ಬಾಗಿ.

“ಕಟ್ಟಡ ಕೆಲಸ.”

“ಯಾರದ್ದು?”

“ನಿಮ್ಮದು.”

“ಲೇ, ನಾನು ಹುಟ್ಟಿದಾಗಿಂದ ಒಂದು ಇಟ್ಟಿಗೆ ಎತ್ತಿದೋನಲ್ಲ!”

“ಹೊಂಡ ಮುಚ್ತೀರೋ ಇಲ್ವೋ?”

“ಮುಚ್ತೀನಿ.”

“ಸೇತುವೆ ಕಟ್ತೀರೋ ಇಲ್ವೋ?”

“ಅದು ಹಲ್ಲಿಂದು ಕಣೇ...”

“ಸಿಮೆಂಟು ಕಲಸ್ತೀರೋ ಇಲ್ವೋ?”

“ಕಲಸ್ತೀನಿ. ಒಂದು ಕಾಳಿನಷ್ಟು.”

“ಎಷ್ಟು ಅಂತ ಅರ್ಜೀಲಿ ಕೇಳಿಲ್ಲ. ಸಹಿ ಹಾಕಿ.”

ಸಹಿ ಬಿತ್ತು. ಹೊರಡುವ ಮುನ್ನ ಟೀಚರಮ್ಮ ಗಂಡನ ಚೀಲವನ್ನು ಪರೀಕ್ಷೆಯ ಕೊಠಡಿಯ ಬಾಗಿಲಲ್ಲಿ ನಿಂತವಳಂತೆ ತಪಾಸಣೆ ಮಾಡಿದಳು. ಕಾಲುಚೀಲದೊಳಗೆ ಉದ್ದನೆಯ ಹಿಡಿಯ ಪುಟ್ಟ ಕನ್ನಡಿಯೊಂದು ಸಿಕ್ಕಿತು.

“ಇದೇನು?”

“ಗಡ್ಡ ಕೆರ್ಕೊಳ್ಳೋಕೆ.”

“ಇಷ್ಟೇ ಇಷ್ಟು ಕನ್ನಡೀಲಿ? ಒಂದೊಂದೇ ಕೂದಲು ನೋಡ್ಕೊಂಡು ಕೆರೀತೀರಾ?”

ಕನ್ನಡಿ ಬೀರು ಸೇರಿತು.

ಕಾಡಂಚಿನ ಶಿಬಿರದಲ್ಲಿ ತಗಡಿನ ಎರಡು ಉದ್ದನೆಯ ಷೆಡ್ಡುಗಳಿದ್ದವು. ಒಂದು ಹೆಂಗಸರಿಗೆ, ಇನ್ನೊಂದು ಗಂಡಸರಿಗೆ. ಮಾತೇನಿದ್ದರೂ ಕೆರೆಯ ದಾರಿಯಲ್ಲೇ ಆಗಬೇಕೆಂದು ಇದರಿಂದ ಖಚಿತವಾಯಿತು. ಬಂದಿದ್ದವರು ಹದಿನಾರು ಜನ. ಅವರ ಮೇಲೆ ಯಜಮಾನಿಕೆ ಒಬ್ಬ ನಿವೃತ್ತ ಅರಣ್ಯಾಧಿಕಾರಿಯದು. ಕೊರಳಲ್ಲಿ ಸದಾ ಒಂದು ಪೀಪಿ. ಒಂದು ಸಲ ಊದಿದರೆ ಕೆಲಸ ಶುರು, ಎರಡು ಸಲಕ್ಕೆ ನೀರು ಕುಡಿಯಬೇಕು, ಮೂರು ಸಲಕ್ಕೆ ಪ್ರಾಣ ಉಳಿಸಿಕೊಳ್ಳಬೇಕು. ಎಲ್ಲರೂ ಅವರನ್ನು ಪೀಪಿ ಮಾಮ ಎಂದೇ ಕರೆದರು.

ಮೊದಲ ಬೆಳಗ್ಗೆ ಪೀಪಿ ಮಾಮ ಪಟ್ಟಿ ಓದಿದರು. “ಕಟ್ಟಡದೋರು ಯಾರ್ರೀ?”

ಡಾಕ್ಟರು ಕುತೂಹಲದಿಂದ ಸುತ್ತ ನೋಡಿದರು. ಟೀಚರಮ್ಮ ಮೊಣಕೈಯಿಂದ ತಿವಿದ ಮೇಲೆ, “ಓ, ನಾನೇ ನಾನೇ” ಎಂದರು.

“ದೇವರು ಕಳಿಸಿದ ಹಾಗೆ ಬಂದಿದ್ದೀರಿ ಸ್ವಾಮಿ! ಉಳಿದೋರೆಲ್ಲ ಪೊದೆ ಕಡೀಲಿ, ಕಾಲುವೆ ತೋಡಲಿ. ನಿಮಗೆ ಮೆಟ್ಟಿಲು.”

ಮೆಟ್ಟಿಲು ಎಂದರೆ ಕಡಿದಾದ ಒಂದು ಏರಿನಲ್ಲಿ ಒಂದರ ಬೆನ್ನಿಗೊಂದು ಕೂರಿಸಿದ್ದ ಇಪ್ಪತ್ತಮೂರು ಕಲ್ಲುಗಳು. ಅವನ್ನು ಹತ್ತಿದರೇ ಕೆರೆಯ ದಾರಿ, ಬೇರೆ ದಾರಿಯಿಲ್ಲ. ಪಾಚಿ ಕೆರೆದು, ಮಣ್ಣು ಕೊಚ್ಚಿಹೋದ ಕಡೆ ಚಕ್ಕೆಕಲ್ಲು ತುಂಬಿದರೆ ಕೆಲಸ ಮುಗಿಯಿತು. ಡಾಕ್ಟರಿಗೆ ಒಂದು ಹಾರೆ, ಒಂದು ಸುತ್ತಿಗೆ, ಒಂದು ಬ್ರಷ್ಷು ಕೊಟ್ಟರು. ಸಹಾಯಕ್ಕೆ ಟೀಚರಮ್ಮ.

ಡಾಕ್ಟರು ಮೊದಲು ಕೈ ತೊಳೆದುಕೊಂಡರು. (ಮಣ್ಣಿನ ಕೆಲಸಕ್ಕೆ ಮೊದಲು ಕೈ ತೊಳೆದವರನ್ನು ಆ ಕಾಡು ಅಲ್ಲಿಯವರೆಗೆ ಕಂಡಿರಲಿಲ್ಲ.) ಬಳಿಕ ಬುಡದ ಕಲ್ಲಿನೆದುರು ಕುಕ್ಕರಗಾಲಲ್ಲಿ ಕೂತು, ತಲೆಯನ್ನು ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ, ಅರ್ಧ ಗಂಟೆ ನೋಡಿದರು. ಬ್ರಷ್ಷು ದಪ್ಪವಾಯಿತೆಂದು ಒಂದು ಕಡ್ಡಿ ಮುರಿದು, ಅದರ ತುದಿ ಕೊಕ್ಕೆ ಮಾಡಿ, ಸಂದಿಯ ಪಾಚಿಯನ್ನು ಎಳೆಎಳೆಯಾಗಿ ಬಿಡಿಸತೊಡಗಿದರು. ಆಗಾಗ ನೀರು ಸುರಿದು, “ಸ್ವಲ್ಪ ತಣ್ಣಗಾಗುತ್ತೆ, ಅಷ್ಟೇ” ಎನ್ನುತ್ತಿದ್ದರು.

“ಯಾರ ಹತ್ರ ಮಾತಾಡ್ತಿದ್ದೀರಿ?” ಟೀಚರಮ್ಮ ಹಲ್ಲು ಕಚ್ಚಿ ಪಿಸುಗುಟ್ಟಿದಳು.

“ಅಭ್ಯಾಸ ಕಣೇ.”

“ಕಲ್ಲು ಅದು! ಬಾಯಿ ಮುಚ್ಕೊಂಡು ಕೆಲಸ ಮಾಡಿ.”

ಸಂಜೆಗೆ ಉಳಿದವರು ಅರ್ಧ ಮೈಲಿ ಪೊದೆ ಕಡಿದಿದ್ದರು. ಡಾಕ್ಟರು ಎರಡೂವರೆ ಕಲ್ಲು ಮುಗಿಸಿದ್ದರು. ಆದರೆ ಆ ಎರಡೂವರೆ ಕಲ್ಲು ಹೇಗೆ ಹೊಳೆಯುತ್ತಿದ್ದವೆಂದರೆ, ಪೀಪಿ ಮಾಮ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. “ನೋಡ್ರಪ್ಪ ಎಲ್ಲರೂ! ಶ್ರದ್ಧೆ ಅಂದ್ರೆ ಇದು. ಕಸುಬು ಗೊತ್ತಿರೋರ ಕೈ ಬೇರೆ, ನಿಮ್ಮ ಕೈ ಬೇರೆ.”

ಟೀಚರಮ್ಮನ ಎದೆ ಅರ್ಧ ಅಂಗುಲ ಉಬ್ಬಿತು. ಆ ದಿನ ಕೆರೆಗೆ ಹೋಗಲಾಗಲಿಲ್ಲ. ಡಾಕ್ಟರ ಮಂಡಿ ಹಿಡಿದುಕೊಂಡಿತ್ತು. “ನಾಳೆ ಸಂಜೆ ಖಂಡಿತ ಕಣೇ. ಅದೇನೋ ಹೇಳ್ಬೇಕು ಅಂತಿದ್ದೆಯಲ್ಲ, ಪೂರ್ತಿ ಕೇಳ್ತೀನಿ,” ಎಂದು ಗಂಡಸರ ಷೆಡ್ಡಿನ ಬಾಗಿಲಲ್ಲಿ ನಿಂತು ಮಾತು ಕೊಟ್ಟರು.

ಎರಡನೆಯ ದಿನ ಡಾಕ್ಟರು ಸುತ್ತಿಗೆಯ ಹಿಡಿಯಿಂದ ಒಂದೊಂದು ಕಲ್ಲನ್ನೂ ತಟ್ಟುತ್ತಾ, ಕಿವಿಗೊಟ್ಟು ಕೇಳುತ್ತಾ ಹೋದರು. ಬುಡದ ಕಲ್ಲಿಗೆ ವಾಪಸು ಬಂದು ನಿಂತರು. ಎರಡು ಬೆರಳಿಟ್ಟು ಅಲ್ಲಾಡಿಸಿದರು. ಅವರ ಮುಖದಲ್ಲಿ, ಕೆಟ್ಟ ಸುದ್ದಿಯನ್ನು ಮೆಲ್ಲಗೆ ಹೇಳಬೇಕಾದಾಗ ಮೂಡುವ ಆ ಗಾಂಭೀರ್ಯ ಮೂಡಿತು.

“ಇದು ಉಳಿಯಲ್ಲ,” ಎಂದರು.

ಪೀಪಿ ಮಾಮ ಮೆಟ್ಟಿಲ ತುದಿಯಲ್ಲಿ ಟೇಪು ಹಿಡಿದು ಅಗಲ ಅಳೆಯುತ್ತಿದ್ದರು. “ಏನಂದ್ರಿ?”

“ಬುಡದ್ದು ಸಡಿಲ ಆಗಿದೆ. ಹೀಗೇ ಬಿಟ್ರೆ ಪಕ್ಕದ್ದಕ್ಕೂ ಹರಡುತ್ತೆ. ತೆಗೆದುಬಿಡೋದು ಒಳ್ಳೇದು.”

“ತೆಗೀಬೇಕಾ? ಚಕ್ಕೆ ತುಂಬಿದ್ರೆ ಸಾಲ್ದಾ?”

“ತುಂಬೋ ಹಂತ ದಾಟಿದೆ.”

ಆ ಧ್ವನಿಗೆ ಇಪ್ಪತ್ತಾರು ವರ್ಷದಲ್ಲಿ ಯಾರೂ ಎದುರು ಹೇಳಿರಲಿಲ್ಲ. ಪೀಪಿ ಮಾಮನೂ ಹೇಳಲಿಲ್ಲ. “ಕಸುಬು ನಿಮ್ಮದು ಸ್ವಾಮಿ. ನಿಮಗೆ ಹೇಗೆ ತೋಚುತ್ತೋ ಹಾಗೆ,” ಎಂದರು.

ಇಲ್ಲಿ ಒಂದು ವಿಷಯ ಹೇಳಬೇಕು. ಬಾಯಲ್ಲಿ ಹಲ್ಲುಗಳು ಒಂದರ ಪಕ್ಕದಲ್ಲಿ ಒಂದು ನಿಂತಿರುತ್ತವೆ. ಮೆಟ್ಟಿಲುಗಳು ಒಂದಕ್ಕೊಂದು ಒರಗಿ ಕೂತಿರುತ್ತವೆ. ಈ ವ್ಯತ್ಯಾಸ ಬಹಳ ಸಣ್ಣದು. ಆದರೆ ಇದನ್ನು ಹಲ್ಲಿನ ಶಾಸ್ತ್ರದ ಯಾವ ಗ್ರಂಥದಲ್ಲೂ ಬರೆದಿಲ್ಲ.

ಡಾಕ್ಟರು ಹಾರೆಯನ್ನು ಸಂದಿಗೆ ಕೊಟ್ಟು ಎಡಕ್ಕೊಮ್ಮೆ ಒತ್ತಿದರು, ಬಲಕ್ಕೊಮ್ಮೆ ಒತ್ತಿದರು. “ಆಯ್ತು ಆಯ್ತು, ಇನ್ನೊಂದೇ ನಿಮಿಷ,” ಎಂದು ಕಲ್ಲಿಗೆ ಸಮಾಧಾನ ಹೇಳಿದರು. ಬಳಿಕ ಗ್ಳಕ್ಕೆಂದು ಕಲ್ಲು ಈಚೆ ಬಂತು. ಅದನ್ನು ಎರಡೂ ಕೈಯಲ್ಲಿ ಎತ್ತಿ, ಬೇರು ಪೂರ್ತಿ ಬಂದಿದೆಯೇ ಎಂದು ತಿರುಗಿಸಿ ನೋಡಿ, ತೃಪ್ತಿಯಿಂದ ಪಕ್ಕಕ್ಕಿಟ್ಟರು. ಆಮೇಲೆ ಕೊರಳ ಟವೆಲನ್ನು ಬಿಗಿಯಾಗಿ ಸುತ್ತಿ ಉಂಡೆ ಮಾಡಿ ಆ ಗುಂಡಿಗೆ ತುರುಕಿದರು.

“ಅರ್ಧ ಗಂಟೆ ಗಟ್ಟಿಯಾಗಿ ಕಚ್ಕೊಂಡಿರಲಿ,” ಎಂದರು.

ಎರಡನೆಯ ಮೆಟ್ಟಿಲು ಅರ್ಧ ನಿಮಿಷವೂ ಕಚ್ಚಿಕೊಂಡಿರಲಿಲ್ಲ. ಟವೆಲನ್ನು ನುಂಗಿ ಕೆಳಕ್ಕೆ ಜಾರಿತು. ಅದರ ಹಿಂದೆ ಮೂರನೆಯದು, ನಾಲ್ಕನೆಯದು. ಟೀಚರಮ್ಮ ಗಂಡನ ಕಾಲರು ಹಿಡಿದು ಪಕ್ಕಕ್ಕೆ ಎಳೆದದ್ದಷ್ಟೇ, ಶಾಲೆಯ ಗಂಟೆ ಹೊಡೆದಾಗ ಮಕ್ಕಳು ಬಾಗಿಲಿಗೆ ನುಗ್ಗುವ ಹಾಗೆ ಕಲ್ಲುಗಳು ಒಂದನ್ನೊಂದು ತಳ್ಳಿಕೊಂಡು ಇಳಿದು ಹೋದವು. ಧೂಳು ಅಡಗಿದಾಗ ಏರಿನಲ್ಲಿ ಬರೀ ಕೆಮ್ಮಣ್ಣು. ತುದಿಯಲ್ಲಿ ನಾಲ್ಕೇ ನಾಲ್ಕು ಕಲ್ಲು, ಅವುಗಳ ಮೇಲೆ ಪೀಪಿ ಮಾಮ, ಅವರ ಕೈಯಲ್ಲಿ ಟೇಪು. ಅವರು ಮೂರು ಸಲ ಊದಿದರು. ಪ್ರಾಣ ಉಳಿಸಿಕೊಳ್ಳಬೇಕಾಗಿದ್ದವರು ಅವರೊಬ್ಬರೇ ಆದ್ದರಿಂದ, ಊದಿಯಾದ ಮೇಲೆ ತಮ್ಮ ಆಜ್ಞೆಯನ್ನು ತಾವೇ ಪಾಲಿಸಿ, ಕೂತ ಭಂಗಿಯಲ್ಲೇ ಜಾರುತ್ತಾ ಕೆಳಗೆ ಬಂದರು. ಪ್ಯಾಂಟಿನ ಹಿಂಭಾಗ ಮಾತ್ರ ದಾರಿಯಲ್ಲಿ ಉಳಿಯಿತು.

ಹದಿನಾಲ್ಕು ಜನ ಗುದ್ದಲಿ ಎಸೆದು ಓಡಿ ಬಂದರು.

“ಯಾವ ಊರಲ್ಲಿ ಸ್ವಾಮಿ ನೀವು ಮನೆ ಕಟ್ಟೋದು?” ಪೀಪಿ ಮಾಮ ಅರಚಿದರು. “ವಿಳಾಸ ಕೊಡಿ. ಅಲ್ಲಿರೋ ಜನಕ್ಕೆ ಹೊರಗೆ ಮಲಗಿ ಅಂತ ಕಾಗದ ಬರೀತೀನಿ!”

ಡಾಕ್ಟರು ಹೆಂಡತಿಯ ಮುಖ ನೋಡಿದರು. ಹೆಂಡತಿ ಕಣ್ಣಲ್ಲೇ ಬೇಡ ಎಂದಳು. ಅವರು ಬಾಯಿ ಮುಚ್ಚಿ ನಿಂತರು.

“ಬುಡದ ಕಲ್ಲು ಕೀಳಬಾರದು ಅಂತ ಮರಳಲ್ಲಿ ಆಡೋ ಮಗುವಿಗೂ ಗೊತ್ತು!”

ಡಾಕ್ಟರು ತಲೆ ತಗ್ಗಿಸಿದರು. ಟೀಚರಮ್ಮ ಸಹಿಸಿಕೊಂಡಳು. ಕೆರೆ, ಸಂಜೆ, ಪತ್ರ ಎಂದು ಮನಸ್ಸಿನಲ್ಲೇ ಜಪಿಸಿಕೊಂಡಳು.

“ಇಷ್ಟು ವರ್ಷ ಜನ ನಿಮ್ಮ ಕೈಗೆ ಕೆಲಸ ಕೊಟ್ಟರಲ್ಲ, ಅವರ ತಲೆಗೆ ಏನಾಗಿತ್ತು? ಈ ಕೈಗೆ ಕೀಳೋದೂ ಬರಲ್ಲ, ಕಟ್ಟೋದೂ ಬರಲ್ಲ!”

ಕಟ್ಟುವುದು ಬರುವುದಿಲ್ಲ ಎಂದಿದ್ದರೆ ಟೀಚರಮ್ಮ ಸುಮ್ಮನಿರುತ್ತಿದ್ದಳು. ಕೀಳುವುದು ಬರುವುದಿಲ್ಲ ಎಂದದ್ದು ತಡೆಯಲಾಗಲಿಲ್ಲ.

“ನಾಲಿಗೆ ಬಿಗಿ ಹಿಡಿದು ಮಾತಾಡಿ!” ಎಂದು ನಡುವೆ ನುಗ್ಗಿದಳು. “ಕೀಳೋಕೆ ಬರಲ್ವಾ? ಇವರಿಗಾ? ಇಪ್ಪತ್ತಾರು ವರ್ಷದಿಂದ ಸಾವಿರಾರು ಕಿತ್ತಿದ್ದಾರೆ! ಒಂದೂ ಅರ್ಧಕ್ಕೆ ಮುರಿದಿಲ್ಲ! ಕಿತ್ತಿದ್ದು ಗೊತ್ತೇ ಆಗ್ಲಿಲ್ಲ ಅಂತ ಜನ ಕೈ ಮುಗಿದು ಹೋಗ್ತಾರೆ! ಇವರು ಹಲ್ಲಿನ ಡಾಕ್ಟ್ರು ರೀ, ಹಲ್ಲಿನ ಡಾಕ್ಟ್ರು!”

ಹೇಳಿ ಮುಗಿಸಿದ ಮೇಲೆಯೇ ತಾನು ಏನು ಹೇಳಿದೆನೆಂದು ಆಕೆಗೆ ಕೇಳಿಸಿತು.

ಕಾಡು ಸ್ತಬ್ಧವಾಯಿತು. ಹಕ್ಕಿಗಳು ಕೂಡ (ಅವಕ್ಕೆ ಹಲ್ಲಿಲ್ಲದಿದ್ದರೂ) ಸುಮ್ಮನಾದವು. ಬಳಿಕ ಗುಂಪಿನ ಹಿಂದಿನಿಂದ ದೈತ್ಯಾಕಾರದ ಬಸ್ ಡ್ರೈವರೊಬ್ಬರು ಹುಡುಗಿಯಂತೆ ನಾಚಿಕೊಂಡು ಮುಂದೆ ಬಂದರು.

“ಡಾಕ್ಟ್ರೇ, ಒಂದು ವಾರದಿಂದ ಇಲ್ಲಿ ಬಲಗಡೆ... ಸ್ವಲ್ಪ ನೋಡ್ತೀರಾ?”

“ನಂದು ತಣ್ಣೀರು ಕುಡಿದ್ರೆ ಜುಂ ಅನ್ನುತ್ತೆ ಸಾರ್,” ಎಂದಳು ದರ್ಜಿ ಹೆಂಗಸು. “ದಾರ ಕಚ್ಚಿ ಕಚ್ಚಿ ಮುಂದಿನದು ಗೀರಿಕೊಂಡಿದೆ.”

ಒಬ್ಬ ಅಜ್ಜಿ ಬಾಯಿಂದ ಪೂರ್ತಿ ಸೆಟ್ಟು ತೆಗೆದು ಡಾಕ್ಟರ ಅಂಗೈಯಲ್ಲಿಟ್ಟಳು.

ಡಾಕ್ಟರು ಹೆಂಡತಿಯ ಕಡೆ ತಿರುಗಿದರು. ತಪ್ಪು ಮಾಡದೆಯೇ ಸಿಕ್ಕಿಬಿದ್ದ ವಿದ್ಯಾರ್ಥಿಯ ಮುಖ. “ನಾನು ಹೇಳಲಿಲ್ಲ ಕಣೇ. ನೀನೇ ಹೇಳಿದ್ದು.”

“ಗೊತ್ತು ಬಿಡಿ!”

ಪೀಪಿ ಮಾಮ ಒಂದು ಕೈಯಿಂದ ಪ್ಯಾಂಟಿನ ಹಿಂಭಾಗ ಮುಚ್ಚಿಕೊಂಡು, ಇನ್ನೊಂದರಿಂದ ಕೆನ್ನೆ ತಡವಿಕೊಂಡರು. “ಹಾಗೆ ನೋಡಿದ್ರೆ,” ಎಂದರು, ದನಿ ತಗ್ಗಿಸಿ, “ನಂಗೂ ಎಡಗಡೆ ಪೀಪಿ ಕಚ್ಚೋಕಾಗ್ತಿಲ್ಲ.”

ಟೀಚರಮ್ಮ ಸೋತರೂ ಸುಮ್ಮನೆ ಸೋಲುವವಳಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಯಮ ಸಾರಿದಳು: ಬಾಯಿ ತೋರಿಸಬೇಕಾದವರು ಕೆಳಗೆ ಬಿದ್ದ ಕಲ್ಲೊಂದನ್ನು ಮೊದಲು ಏರಿನ ಬುಡಕ್ಕೆ ಹೊತ್ತು ತರಬೇಕು. ಎಲ್ಲರೂ ಮರುಮಾತಿಲ್ಲದೆ ಒಪ್ಪಿದರು. ಡ್ರೈವರು ಉತ್ಸಾಹದಲ್ಲಿ ಎರಡು ತಂದರು. ಆದರೆ ಪೀಪಿ ಮಾಮನ ಬಳಿಯೂ ಒಂದು ನಿಯಮವಿತ್ತು.

“ದಿನಕ್ಕೆ ಆರು ಗಂಟೆ ಅಂತ ಇಬ್ಬರೂ ಸಹಿ ಹಾಕಿದ್ದೀರಿ ಟೀಚರಮ್ಮ. ಡಾಕ್ಟರು ಬಾಯಿ ನೋಡ್ತಾ ಕೂತ್ರೆ ಅವರ ಪಾಲಿನ ದಾರಿ ಕೆಲಸ ಯಾರು ಮಾಡ್ತಾರೆ?”

“ಯಾರು?”

ಪೀಪಿ ಮಾಮ ಹಾರೆಯನ್ನು ಎತ್ತಿ ಆಕೆಯ ಕೈಗಿತ್ತರು.

ಹೀಗೆ ಮೂರನೆಯ ದಿನ ಬೆಳಗ್ಗೆ ಡಾಕ್ಟರು ಮರದ ನೆರಳಲ್ಲಿ, ಬಾಯಿ ನೋಡಲು ಅಡುಗೆಮನೆಯ ಟೀ ಚಮಚ ಹಿಡಿದು ಕೂತರು, ಟೀಚರಮ್ಮ ಬಿಸಿಲಲ್ಲಿ ಹಾರೆ ಹಿಡಿದು ನಿಂತಳು. ಮೊದಲ ಕಲ್ಲನ್ನು ಆಕೆ ಕೂರಿಸಿದ್ದು ಬೈಗುಳದ ಬಲದಿಂದ. ಅದು ಅಲ್ಲಾಡಿತು. ತೆಗೆದು ಮತ್ತೆ ಕೂರಿಸಿದಳು. ಮತ್ತೆ ಅಲ್ಲಾಡಿತು. ಇಪ್ಪತ್ತೆರಡು ವರ್ಷ ಲೆಕ್ಕ ಕಲಿಸಿದವಳಿಗೆ ಕಲ್ಲೊಂದು ಎರಡು ಸಲ ತಪ್ಪು ಉತ್ತರ ಕೊಟ್ಟರೆ ಸಹಿಸಲಾಗುತ್ತದೆಯೇ? ಕೂತಳು. ನೋಡಿದಳು. ಕಲ್ಲು ಹಿಂದಕ್ಕೆ ಕೊಂಚ ವಾಲಿದರೆ ಮೇಲಿನ ಭಾರವೇ ಅದನ್ನು ಹಿಡಿದಿಡುತ್ತದೆ ಎಂದು ಹೊಳೆಯಿತು. ಬಾಟಲಿಗೆ ಅರ್ಧ ನೀರು ತುಂಬಿ ಅಡ್ಡ ಮಲಗಿಸಿ ಮಟ್ಟ ಹಿಡಿದಳು. ಹಿಂದೆ ಚಕ್ಕೆ ತುಂಬಿ, ಮಣ್ಣು ಹಾಕಿ, ನೀರು ಹೊಯ್ದು ತುಳಿದಳು. ಮೇಲೆ ಹತ್ತಿ ಕುಣಿದಳು. ಕಲ್ಲು ಮಿಸುಕಲಿಲ್ಲ.

ಟೀಚರಮ್ಮ ಒಮ್ಮೆ ಆಚೀಚೆ ನೋಡಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಪಡಿಸಿಕೊಂಡು, ಇನ್ನೊಮ್ಮೆ ಕುಣಿದಳು.

ಮಧ್ಯಾಹ್ನದ ಹೊತ್ತಿಗೆ ಆಕೆಯ ಗಂಟಲು ಕಾಡಿನಾಚೆಗೂ ಕೇಳಿಸುತ್ತಿತ್ತು. “ಆ ಚಪ್ಪಟೆದು ತನ್ನಿ! ಅದಲ್ಲ, ಪಕ್ಕದ್ದು! ಡ್ರೈವರ್ರೇ, ಬಾಯಿ ತೋರಿಸಿ ಆಯ್ತಲ್ಲ, ಇನ್ನೇನು ನಿಂತಿದ್ದೀರಿ? ಮಣ್ಣು ತುಳೀರಿ!” ಪೊದೆ ಕಡಿಯುತ್ತಿದ್ದವರನ್ನೂ ಎಳೆದು ತಂದು ಸಾಲಾಗಿ ನಿಲ್ಲಿಸಿದಳು. ಪೀಪಿ ಮಾಮ ನೀರಿಗೆಂದು ಎರಡು ಸಲ ಊದಿದರೆ ಎಲ್ಲರೂ ಟೀಚರಮ್ಮನ ಮುಖ ನೋಡಿದರು. ಆಕೆ ತಲೆಯಾಡಿಸಿದ ಮೇಲೆಯೇ ಕುಡಿದರು. ಆ ದಿನ ಒಂಬತ್ತು ಮೆಟ್ಟಿಲು. ಮರುದಿನ ಹತ್ತು. ಸಂಜೆ ಪೀಪಿ ಮಾಮ ಹತ್ತೊಂಬತ್ತನ್ನೂ ಒದ್ದು ನೋಡಿ, “ನಿಮ್ಮನೇಲಿ ಕಟ್ಟಡದೋರು ಅಂದ್ರೆ ನೀವೇ ಕಣಮ್ಮ. ಅರ್ಜೀಲಿ ಬರೆದಿದ್ದು ನಿಜ, ಸಾಲು ಮಾತ್ರ ತಪ್ಪಿದೆ,” ಎಂದರು. ಮುಂದಿನ ಬೇಸಿಗೆಗೆ ಆಚೆ ಗುಡ್ಡದಲ್ಲಿ ಎಂಬತ್ತು ಮೆಟ್ಟಿಲು ಕಾದಿವೆ, ಬರ್ತೀರಾ ಎಂದು ಕೇಳಿದರು. ಟೀಚರಮ್ಮನ ಬಾಯಿಂದ ಉತ್ತರ ಹೊರಡುವ ಮೊದಲೇ ತಲೆ ಹೌದು ಎಂದುಬಿಟ್ಟಿತ್ತು.

ಕೊನೆಯ ದಿನ. ಮಧ್ಯಾಹ್ನ ಮೂರಕ್ಕೆ ಬಸ್ಸು. ಬೆಳಗ್ಗೆ ಒಂಬತ್ತಕ್ಕೇ ಶಿಬಿರದಲ್ಲಿ ನೋಡದ ಬಾಯಿ ಒಂದೂ ಉಳಿದಿರಲಿಲ್ಲ. ಅಜ್ಜಿಯ ಸೆಟ್ಟು ಕೂಡ ಉಜ್ಜಿಸಿಕೊಂಡು ಸ್ವಸ್ಥಾನ ಸೇರಿತ್ತು. ಡಾಕ್ಟರು ಚಮಚ ತೊಳೆದು ಅಡುಗೆಮನೆಗೆ ಒಪ್ಪಿಸಿದರು. ತಲೆ ಬಾಚಿ, ಟೋಪಿ ಹಾಕಿಕೊಂಡು, ಮದುವೆಯಾದ ಹೊಸತರಲ್ಲಿ ಮಾತ್ರ ಇದ್ದ ಒಂದು ನಗೆಯನ್ನು ಎಲ್ಲಿಂದಲೋ ಹುಡುಕಿ ಮುಖಕ್ಕೆ ತಂದುಕೊಂಡು, ಮೆಟ್ಟಿಲ ಬಳಿ ಬಂದರು.

“ಬಾರೇ, ಕೆರೆ ನೋಡ್ಕೊಂಡು ಬರೋಣ. ಬಸ್ಸಿಗೆ ಇನ್ನೂ ಐದಾರು ಗಂಟೆ ಸಮಯ ಇದೆ. ಒಂದು ಬಾಯೂ ಇಲ್ಲ, ನಾನು ಪೂರ್ತಿ ನಿನ್ನೋನು.”

ಟೀಚರಮ್ಮ ಬುಡದ ಮೆಟ್ಟಿಲ ಪಕ್ಕದಲ್ಲಿ ನೆಲಕ್ಕೆ ಕೆನ್ನೆಯಿಟ್ಟು ಮಲಗಿದ್ದಳು. ಒಂದು ಕಣ್ಣು ಮುಚ್ಚಿತ್ತು. ಇನ್ನೊಂದು ಕಲ್ಲಿನ ಸಂದಿಯಲ್ಲಿತ್ತು.

“ಹ್ಞೂಂ,” ಎಂದಳು.

“ಆ ಹೆಡ್‌ಮಿಸ್ಟ್ರೆಸ್ ವಿಷಯ ಮಾತಾಡ್ಬೇಕು ಅಂತಿದ್ದೆಯಲ್ಲ. ಒಂದು ತಿಂಗಳಿಂದ ನಾನು ಸರಿಯಾಗಿ ಕೇಳ್ಲೇ ಇಲ್ಲ. ತಪ್ಪು ನಂದೇ. ಹೇಳು, ಏನು ಮಾಡೋಣ?”

“ಒಪ್ಕೊಂಡಿದ್ದೀನಿ. ನಿನ್ನೇನೇ ಕಾಗದ ಬರೆದು ಅಂಚೆಗೆ ಹಾಕೋಕೆ ಡ್ರೈವರ ಕೈಲಿ ಕೊಟ್ಟೆ. ಬೆಳಗಿನ ತಿಂಡಿ ಇನ್ಮೇಲೆ ನಿಮ್ಮದು.”

“ಆಂ?” ಡಾಕ್ಟರು ಇನ್ನೂ ಒಂದು ಹೆಜ್ಜೆ ಮುಂದೆ ಬಂದರು. “ತಿಂಡಿನಾ? ಲೇ, ಈ ಕಡೆ ತಿರುಗಿ ಮಾತಾಡೇ. ಒಂದ್ಸಲ ನನ್ನ ಮುಖ ನೋಡೇ.”

ಟೀಚರಮ್ಮ ಹೆಬ್ಬೆರಳಿಂದ ಕಲ್ಲನ್ನು ಮೆಲ್ಲಗೆ ಒತ್ತಿ ನೋಡಿದಳು.

“ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ ರೀ,” ಎಂದಳು. “ಬೆಳಕಿಗೆ ಅಡ್ಡ ಬರ್ತಿದ್ದೀರಿ.”